ಬಕೆಟ್ಟಿನ ಹಿಡಿಯೂ ಮಹಾರಾಣಿಯ ಪಾದರಕ್ಷೆಯೂ

ಹದಿನೆಂಟು ನಿಮಿಷ. ಬಾಗಿಲು ಕಾಯುವ ಮೀಸೆಯವರ ಪುಸ್ತಕದಲ್ಲಿ ಹಾಗೇ ಬರೆದಿತ್ತು. ಹೋದ ಗುರುವಾರ ಬಂದ ಹೈಸ್ಕೂಲಿನ ನಲವತ್ತೊಂದು ಮಕ್ಕಳು ಮ್ಯೂಸಿಯಮ್ಮಿನ ಮೂರು ಕೋಣೆಗಳನ್ನೂ ಹದಿನೆಂಟೇ ನಿಮಿಷದಲ್ಲಿ ನೋಡಿ ಮುಗಿಸಿದ್ದರು. ಅದರಲ್ಲೂ ಐದು ನಿಮಿಷ ಕುಡಿಯುವ ನೀರಿನ ನಲ್ಲಿಯ ಹತ್ತಿರ ಕಳೆದದ್ದು.

ನಿರ್ದೇಶಕರು ಆ ಪುಸ್ತಕವನ್ನು ಗೈಡಮ್ಮನ ಕಡೆ ತಿರುಗಿಸಿಟ್ಟರು.

"ನೋಡೀಮ್ಮಾ, ಬರೋ ಗುರುವಾರದ ಕ್ಲಾಸು ಒಂದು ಗಂಟೆಯಾದ್ರೂ ಇಲ್ಲಿ ನಿಂತರೆ ಸರಿ. ಇಲ್ಲದಿದ್ರೆ ಶಾಲೆ ಮಕ್ಕಳ ಕಾರ್ಯಕ್ರಮ ಬಂದ್. ನಿಮ್ಮ ಕೋಣೇಲಿ ಮುರಿದ ಕುರ್ಚಿ ಪೇರಿಸ್ತೀನಿ."

ಗೈಡಮ್ಮನಿಗೆ ವಾರಕ್ಕೆ ಇದ್ದದ್ದು ಗುರುವಾರ ಒಂದೇ ದಿನ ಎನ್ನಬೇಕು. ಉಳಿದ ದಿನಗಳಲ್ಲಿ ಗಾಜು ಒರೆಸುವುದು, ಧೂಳು ಹೊಡೆಯುವುದು, ಮಾತಿಲ್ಲದ ವಿಗ್ರಹಗಳ ಮುಂದೆ ತಾನೂ ಒಂದು ವಿಗ್ರಹವಾಗಿ ಕೂರುವುದು. ಗುರುವಾರ ಮಾತ್ರ ಬಾಯಿಗೆ ಕೆಲಸ. ಅದೂ ಹೋದರೆ ಆಕೆಯ ಕೊರಳಿಗೂ ಒಂದು ಚೀಟಿ ಕಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಇಡಬಹುದಿತ್ತು.

ಮಕ್ಕಳನ್ನು ಬೈದು ಏನು ಸುಖ? ಅವರ ಕೈಗೆ ಕೊಡುವ ಇಪ್ಪತ್ತು ಪ್ರಶ್ನೆಗಳ ಹಾಳೆ ಒಂಬತ್ತು ವರ್ಷದಿಂದ ಬದಲಾಗಿರಲಿಲ್ಲ. ಉತ್ತರಗಳು ಅಣ್ಣಂದಿರ, ಅಕ್ಕಂದಿರ ಫೋನಿನಿಂದ ಮೊದಲೇ ಬಂದು ಕೂತಿರುತ್ತಿದ್ದವು. 'ನಿಮಗೆ ಬಹಳ ಇಷ್ಟವಾದದ್ದು ಯಾವುದು?' ಎನ್ನುವುದಕ್ಕೆ ನಲವತ್ತೊಂದು ಮಕ್ಕಳೂ 'ಆನೆಯ ದಂತ' ಎಂದು ಬರೆದಿದ್ದರು. ಆ ದಂತ ರಿಪೇರಿಗೆಂದು ಹೊರಗೆ ಹೋಗಿ ಐದು ವರ್ಷವಾಗಿತ್ತು.

ಬುಧವಾರ ಪೆಟ್ಟಿಗೆಗಳನ್ನು ತೆರೆದು ಒಳಗೆ ಒರೆಸುವ ದಿನ. ಬೀಗದ ಕೈ ಗೈಡಮ್ಮನ ಸೊಂಟದಲ್ಲೇ ಇರುತ್ತದೆ. ಆ ಬುಧವಾರ ಆಕೆ ಮನೆಯ ಬಚ್ಚಲಿನ ಹಳೇ ಕಬ್ಬಿಣದ ಬಕೆಟ್ಟಿನ ಹಿಡಿ ಕಳಚಿ ಚೀಲದಲ್ಲಿ ಹಾಕಿಕೊಂಡು ಬಂದಳು. ಮೂರನೇ ಪೆಟ್ಟಿಗೆಯಲ್ಲಿ, ಎರಡು ಕತ್ತಿಗಳ ನಡುವೆ, ಕೆಂಪು ಬಟ್ಟೆಯ ಮೇಲೆ ಅದನ್ನು ಮಲಗಿಸಿದಳು. ಪಕ್ಕದಲ್ಲಿ ಒಂದು ಚೀಟಿ: 'ಕುದುರೆಯ ಕೊರಳ ಬಳೆ. ಕಬ್ಬಿಣ. ಕಾಲ ಅನಿಶ್ಚಿತ.' ಮ್ಯೂಸಿಯಮ್ಮಿನ ಜನರನ್ನು ಆಕೆ ಅರೆದು ಕುಡಿದಿದ್ದಳು. ಚೀಟಿ ಇದ್ದರೆ ಮುಗಿಯಿತು, ವಸ್ತುವನ್ನು ಯಾರೂ ನೋಡುವುದಿಲ್ಲ.

ಗುರುವಾರ ಹತ್ತಕ್ಕೆ ಸರಿಯಾಗಿ ಬಸ್ಸು ಬಂತು. ಇತಿಹಾಸದ ಮೇಷ್ಟ್ರು ಇಳಿಯುತ್ತಲೇ, "ಬೇಗ ಮುಗಿಸೀಮ್ಮಾ, ವಾಪಸ್ ಹೋದಮೇಲೆ ಗಣಿತ ಪರೀಕ್ಷೆ ಇದೆ ಇವಕ್ಕೆ," ಎಂದರು. ಮಕ್ಕಳ ಮುಖ ಹುಳಿ ಹಿಂಡಿದ ಹಾಗಾಯಿತು. ಮೇಷ್ಟ್ರು ಬೆಂಚು ಹುಡುಕಿಕೊಂಡು ಕಣ್ಣು ಮುಚ್ಚಿದರು.

ಗೈಡಮ್ಮ ಪ್ರಶ್ನೆಯ ಹಾಳೆಗಳನ್ನು ಹಂಚಲೇ ಇಲ್ಲ.

"ಮಕ್ಕಳೇ, ಈ ಮೂರು ಕೋಣೇಲಿ ಒಂದು ವಸ್ತು ಸುಳ್ಳು. ನಾನೇ ಮನೆಯಿಂದ ತಂದಿಟ್ಟಿದ್ದೀನಿ. ಹುಡುಕಿದವರಿಗೆ ನಿರ್ದೇಶಕರ ತಿರುಗೋ ಕುರ್ಚೀಲಿ ಮೂರು ಸುತ್ತು."

"ಅವರು ಬಿಡ್ತಾರಾ ಅಜ್ಜಿ?" ಎಂದಳು ಎರಡು ಜಡೆಯ ಹುಡುಗಿ. ಚಪ್ಪಲಿ ಅಂಗಡಿಯವರ ಮಗಳು, ಬಾಯಿ ಚುರುಕು.

"ಅದು ನನಗೆ ಬಿಡು. ನೀನು ಹುಡುಕು."

ಗಾಜಿನ ಮೇಲೆ ಮೂಗುಗಳು ಒತ್ತಿಕೊಂಡವು.

"ಅಜ್ಜಿ, ಈ ರಾಜನ ಪಟದಲ್ಲಿ ಕೈಗೆ ಆರು ಬೆರಳಿದೆ!"

"ಬರೆದವನ ಲೆಕ್ಕ ತಪ್ಪಿದೆ ಕಣೋ. ನಾನು ತಂದಿದ್ದಲ್ಲ."

"ಈ ಮಡಕೆ ನಮ್ಮನೇದಕ್ಕಿಂತ ಹೊಸದಾಗಿದೆ."

"ನಿಮ್ಮನೇದನ್ನೂ ದಿನಾ ಒರೆಸಿದ್ರೆ ಹೀಗೇ ಇರುತ್ತೆ, ಹೋಗಿ ನಿಮ್ಮಮ್ಮನಿಗೆ ಹೇಳು."

ಹನ್ನೊಂದು ಹೊಡೆಯಿತು. ಗೈಡಮ್ಮನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಒಬ್ಬರೂ ಹೊರಗೆ ಹೋಗಿರಲಿಲ್ಲ. ಬಕೆಟ್ಟಿನ ಹಿಡಿಯನ್ನು ಒಬ್ಬರೂ ಹಿಡಿದಿರಲಿಲ್ಲ.

ಗಲಾಟೆ ಕೇಳಿ ನಿರ್ದೇಶಕರು ಮೆಟ್ಟಿಲಿಳಿದು ಬಂದರು. ಮೇಷ್ಟ್ರು ದಡಬಡಿಸಿ ಎದ್ದರು. ಎದ್ದ ಮೇಷ್ಟ್ರನ್ನು ನಿರ್ದೇಶಕರು ಕೈಹಿಡಿದು ಮೂರನೇ ಪೆಟ್ಟಿಗೆಯ ಮುಂದೆಯೇ ನಿಲ್ಲಿಸಬೇಕೇ!

"ಇದು ನೋಡಿ, ಕುದುರೆಯ ಕೊರಳ ಬಳೆ. ಬಹಳ ಅಪರೂಪದ್ದು. ನಾನೇ ಓಡಾಡಿ ತರಿಸಿದ್ದು. ರೀ ಮೀಸೆಯವರೇ, ಇದರ ಮೇಲೊಂದು ದೀಪ ಹಾಕ್ಸಿ, ಕತ್ತಲಲ್ಲಿ ಬಿದ್ದಿದೆ ಪಾಪ."

ಗೈಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕೂಗು ಕೇಳಿಸಿತು.

"ಸಿಕ್ತು! ಸುಳ್ಳು ಸಿಕ್ತು! ಮಹಾರಾಣಿ ಪಾದರಕ್ಷೆ! ಎರಡೂ ಎಡಗಾಲಿಂದು!"

ಎರಡು ಜಡೆಯವಳು ಗಾಜಿಗೆ ಬೆರಳು ಕುಟ್ಟುತ್ತಿದ್ದಳು. ನಿರ್ದೇಶಕರು ಹೋಗಿ ಬಗ್ಗಿ ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ತಮ್ಮ ಕಾಲನ್ನೂ ಒಮ್ಮೆ ನೋಡಿಕೊಂಡರು. ಆ ಜೊತೆಯ ಮೇಲೆ ಅವರು ನಲವತ್ತು ಪುಟದ ಪುಸ್ತಕ ಬರೆದಿದ್ದರು. ಬಣ್ಣದ ಚಿತ್ರಗಳೂ ಇದ್ದವು.

ಬೆವರು ಒರೆಸಿಕೊಂಡು ಗೈಡಮ್ಮನ ಕಡೆ ತಿರುಗಿದರು. ದನಿ ಬೆಣ್ಣೆಯ ಹಾಗಾಗಿತ್ತು. "ಏನೋ ಸುಳ್ಳು ವಸ್ತು ಇಟ್ಟಿದ್ದೀರಂತೆ. ಇದೇ ತಾನೇ ನೀವು ಮನೆಯಿಂದ ತಂದಿದ್ದು? ಇದೇ ತಾನೇ?"

ಹೂಂ ಎಂದಿದ್ದರೆ ಅವರ ಪುಸ್ತಕ ಉಳಿಯುತ್ತಿತ್ತು.

"ನಮ್ಮನೇಲಿ ಎರಡೂ ಕಾಲಿನ ಚಪ್ಪಲಿ ಇವೆ ಸಾರ್," ಎಂದಳು ಗೈಡಮ್ಮ.

ಇಡೀ ಕ್ಲಾಸು ಗೊಳ್ಳೆಂದಿತು. ನಿರ್ದೇಶಕರ ಮುಖ ಸಣ್ಣದಾಯಿತು. ಹುಡುಗಿಗೇ ಅಯ್ಯೋ ಅನಿಸಿರಬೇಕು.

"ಬೇಜಾರು ಮಾಡ್ಕೋಬೇಡಿ ಸಾರ್. ಎರಡು ಜೊತೆ ಇದ್ದು ಕಲೆತುಹೋಗಿರುತ್ತೆ. ನಮ್ಮ ಅಂಗಡೀಲಿ ದಿನಾ ಆಗುತ್ತೆ. ಬಲಗಾಲಿಂದು ಇಲ್ಲೇ ಎಲ್ಲೋ ಬಿದ್ದಿರುತ್ತೆ, ಹುಡುಕಿಸಿ."

ಮೀಸೆಯವರು ಉಗ್ರಾಣಕ್ಕೆ ಓಡಿದರು. ಕಾಲು ಗಂಟೆ ಬಿಟ್ಟು ತಲೆಗೆ ಜೇಡರ ಬಲೆ ಸುತ್ತಿಕೊಂಡು, ಒಂದು ರಟ್ಟಿನ ಡಬ್ಬಿ ಹಿಡಿದು ಬಂದರು. ಮೇಲೆ ಚೀಟಿ ಇತ್ತು: 'ಏನೆಂದು ತಿಳಿಯದು.' ಒಳಗೆ ಎರಡು ಪಾದರಕ್ಷೆಗಳು, ಅದೇ ಜರಿ, ಅದೇ ಮಣಿ. ಎರಡೂ ಬಲಗಾಲಿನವು.

ಒಂದು ಜೊತೆ ಎರಡು ಜೊತೆಯಾಗಿತ್ತು. ನಿರ್ದೇಶಕರಿಗೆ ಎರಡನೇ ಪುಸ್ತಕ ಆಗಲೇ ಕಣ್ಣ ಮುಂದೆ ಕುಣಿಯತೊಡಗಿತು. ಅಷ್ಟರಲ್ಲಿ ಮೀಸೆಯವರು ತಮ್ಮ ಬಾಗಿಲಿನ ಪುಸ್ತಕವನ್ನು ಅವರ ಮೂಗಿನ ಕೆಳಗೆ ಹಿಡಿದರು. ಒಂದು ಗಂಟೆ ಐವತ್ತು ನಿಮಿಷ.

"ಗುರುವಾರ ನಡೀಲಿ," ಎಂದರು ನಿರ್ದೇಶಕರು. "ಮುರಿದ ಕುರ್ಚಿ ಎಲ್ಲಾದ್ರೂ ಇಟ್ಟುಕೊಳ್ಳೋಣ."

"ಮುರಿಯದ ಕುರ್ಚಿ ವಿಷಯ ಒಂದಿದೆ ಸಾರ್," ಎಂದು ಗೈಡಮ್ಮ ಹುಡುಗಿಯನ್ನು ಮುಂದೆ ತಳ್ಳಿದಳು.

ಮೂರು ಸುತ್ತು ಎಂದದ್ದು ಏಳಾಯಿತು. ತೂರಾಡುತ್ತ ಇಳಿದು ಬಂದ ಹುಡುಗಿ ಬಸ್ಸು ಹತ್ತುವ ಮುಂಚೆ ಗೈಡಮ್ಮನ ಕಿವಿಗೆ ಬಾಯಿ ತಂದಳು.

"ಅಜ್ಜಿ, ನಿಮ್ಮನೇ ಬಕೆಟ್ ಈಗ ಹೇಗೆ ಎತ್ತುತ್ತೀರಿ?"

ಗೈಡಮ್ಮ ಬಸ್ಸಿನ ಬಾಗಿಲಿಗೆ ಅಡ್ಡ ನಿಂತಳು. "ಯಾವಾಗ ಗೊತ್ತಾಯ್ತೇ ನಿನಗೆ?"

"ಹತ್ತನೇ ನಿಮಿಷಕ್ಕೆ. ನಡುವೆ ನೀಲಿ ಪ್ಲಾಸ್ಟಿಕ್ ಪೈಪಿನ ಚೂರು ಹಾಗೇ ಅಂಟಿಕೊಂಡಿದೆ. ಆ ಕಾಲದ ಕುದುರೆಗೆ ಪ್ಲಾಸ್ಟಿಕ್ ಎಲ್ಲಿಂದ ಬಂತು? ಇಡೀ ಕ್ಲಾಸಿಗೇ ಗೊತ್ತಿತ್ತು."

"ಮತ್ತೆ ಯಾಕ್ರೇ ಹೇಳಲಿಲ್ಲ?"

"ಹೇಳಿದ್ರೆ ಆಟ ಮುಗೀತಿತ್ತು. ಹೋಗಿ ಗಣಿತ ಪರೀಕ್ಷೆ ಬರೀಬೇಕಿತ್ತು. ಹೊತ್ತು ಕಳೀಬೇಕಲ್ಲ ಅಂತ ಉಳಿದಿದ್ದನ್ನೆಲ್ಲ ಒಂದೊಂದಾಗಿ ನೋಡ್ತಾ ಹೋದ್ವಿ."

ಬಸ್ಸು ಹೊರಟಿತು. ಕಿಟಕಿಗಳಿಂದ ನಲವತ್ತು ಕೈಗಳು ಗಾಳಿಯಲ್ಲಿ ಬಕೆಟ್ಟು ಎತ್ತುವಂತೆ ಆಡಿದವು. ಮೇಷ್ಟ್ರು ಮಾತ್ರ ಟಾಟಾ ಮಾಡಿದರು.

ಗೈಡಮ್ಮ ಒಳಗೆ ಬಂದಾಗ ಮೀಸೆಯವರು ಸ್ಟೂಲು ಹತ್ತಿ ಮೂರನೇ ಪೆಟ್ಟಿಗೆಯ ಮೇಲೆ ದೀಪ ಕಟ್ಟುತ್ತಿದ್ದರು. ಕೆಳಗಿನಿಂದ ನಿರ್ದೇಶಕರು ಕೈಯಾಡಿಸಿ ದಾರಿ ತೋರಿಸುತ್ತಿದ್ದರು.

"ಸರಿಯಾಗಿದೆಯೇನಮ್ಮಾ?" ಎಂದು ಕೇಳಿದರು.

ಗೈಡಮ್ಮ ತಲೆ ಓರೆ ಮಾಡಿ, ತನ್ನ ಬಚ್ಚಲ ಹಿಡಿಯನ್ನು ಚೆನ್ನಾಗಿ ನೋಡಿದಳು. ನೀಲಿ ಚೂರು ಎದ್ದು ಕಾಣುತ್ತಿತ್ತು.

"ಇನ್ನೊಂಚೂರು ಎಡಕ್ಕೆ ಬರಲಿ ಸಾರ್," ಎಂದಳು.