ಅಂಗಳದಿಂದ ಆಡಿದ ಆಟ

ಯಳಂದೂರಿನ ಚದುರಂಗದ ಪಂದ್ಯ ಗೆದ್ದವನು ನಾಗಯ್ಯ. ಬೆಳ್ಳಿ ಬಟ್ಟಲಿನ ಮೇಲೆ ಕೆತ್ತಿಸಿದ್ದು ಗುರುಪಾದಸ್ವಾಮಿಯ ಹೆಸರು.

ಗುರುಪಾದಸ್ವಾಮಿ ಕಾಮಗೆರೆ ಕಡೆಯ ಜಮೀನ್ದಾರರು. ನಾಗಯ್ಯ ಅವರ ಹೊಲದ ಆಳು, ಕೇರಿಯವನು. ಅವನು ಜಗಲಿ ಹತ್ತುವ ಹಾಗಿಲ್ಲ, ಕಾಯಿ ಮುಟ್ಟುವ ಹಾಗಿಲ್ಲ. ಅಸ್ಪೃಶ್ಯತೆ ಕಾನೂನಿನಲ್ಲಿ ಸತ್ತು ಇಪ್ಪತ್ತು ವರ್ಷ ದಾಟಿತ್ತು. ಜಗಲಿಗಳಿಗೆ ಮಾತ್ರ ಸಾವಿನ ಸುದ್ದಿ ಮುಟ್ಟಿರಲಿಲ್ಲ. ಪಂದ್ಯದಲ್ಲೂ ಅವನು ಕೆಳಗೆ ಅಂಗಳದಲ್ಲಿ ನಿಂತು, ಮಣೆಯತ್ತ ಕತ್ತು ಚಾಚಿ ನಡೆ ಹೇಳಿದ. ಧಣಿ ಕಾಯಿ ಇಟ್ಟರು. ಕಾಯಿ ನಡೆಸಿದವರೇ ಆಟಗಾರರು ಎಂದು ತೀರ್ಪಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಗಯ್ಯನೂ ತಟ್ಟಿದ.

“ಗೆದ್ಯಾ?” ಎಂದು ಮನೆಯಲ್ಲಿ ಹೆಂಡತಿ ಚಿಕ್ಕನಿಂಗಮ್ಮ ಕೇಳಿದಳು.

“ಊಂ, ಗೆದ್ದೆ.”

“ಮತ್ತೆ ಬಟ್ಲೆಲ್ಲಿ?”

“ಧಣೇರ ಮನೇಲಿ.”

“ಓಗ್ಲಿ ಬುಡು. ಬೆಳ್ಳೀಲಿ ಉಂಡ್ರೆ ನಮ್ ಸಾರು ರುಚಿ ಆದದಾ? ಕೈ ತೊಳ್ಕೊ ಬಾ.”

ಉಂಡ. ಸಾರಿಗೆ ಉಪ್ಪಿತ್ತೋ ಇಲ್ಲವೋ ತಿಳಿಯಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಹಳ ಹೊತ್ತು ಕೂತ ಕಾಲಿನ ಹಾಗೆ ಒಳಗೆಲ್ಲೋ ಜೋಮು ಹಿಡಿದಿತ್ತು.

ಎಪ್ಪತ್ತೆಂಟರ ದೀಪಾವಳಿಗೆ ಧಣಿಯ ಅಳಿಯ ಶಿವನಂಜಯ್ಯ ಮೈಸೂರಿನಿಂದ ಬಂದರು. ಕಾರ್ಖಾನೆಯಲ್ಲಿ ಇಂಜಿನಿಯರು. ನಾಗಯ್ಯ ಅಂಗಳದಲ್ಲಿ ಹುಲ್ಲು ಒಟ್ಟುತ್ತಿದ್ದ.

“ಮಾವಾ, ಈಗ ಚೆಸ್ ಆಡೋ ಕಂಪ್ಯೂಟರ್ ಬಂದಿದೆ,” ಎಂದರು ಅಳಿಯ. “ಹತ್ತು ವರ್ಷದಲ್ಲಿ ಯಾವ ಮಿಷಿನ್ನೂ ನನ್ನ ಸೋಲಿಸಲ್ಲ ಅಂತ ಫಾರಿನ್ ಆಟಗಾರನೊಬ್ಬ ಪಂಥ ಕಟ್ಟಿದ್ದ. ಈ ವರ್ಷ ಅವನೇ ಗೆದ್ದ.”

“ಅಂಗಾದ್ರೆ ಮಿಷಿನ್ನು ದಂಡ ಅನ್ನಿ.”

“ದಂಡ ಅಲ್ಲ ಮಾವಾ. ನಮ್ಮಂಥೋರನ್ನ ಎತ್ತಿ ಬಿಸಾಕುತ್ತೆ. ಗ್ರ್ಯಾಂಡ್‌ಮಾಸ್ಟರ್‌ಗಳ ಮುಂದೆ ಮಾತ್ರ ಇನ್ನೂ ಕೂಸು. ಆದ್ರೂ ಆ ಪಂಥದಲ್ಲಿ ಒಂದು ಆಟ ಗೆದ್ದೇಬಿಡ್ತು.”

“ಕಾಯಿ ನಡ್ಸಕೆ ಅದಕ್ಕೆ ಕೈಯೆಲ್ಲಿ ಬಂತು?”

“ಅದು ನಡೆ ಹೇಳುತ್ತೆ. ಪಕ್ಕದಲ್ಲಿ ಒಬ್ಬ ಕೂತು ಕಾಯಿ ಇಡ್ತಾನೆ.”

ಗುರುಪಾದಸ್ವಾಮಿ ತೊಡೆ ತಟ್ಟಿ ನಕ್ಕರು. “ಅಯ್ಯೋ, ಅಂಥ ಮಿಷಿನ್ನು ನಮ್ಮನೇಲೂ ಅದೆ ಕಣ್ರಿ! ಕರೆಂಟೂ ಬ್ಯಾಡ, ಎರಡು ಮುದ್ದೆ ಆಕುದ್ರೆ ಸಾಕು. ಲೇ ನಾಗ, ಬಾಲಾ ಇಲ್ಲಿ!”

ನಾಗಯ್ಯ ಜಗಲಿಯ ಬುಡಕ್ಕೆ ಬಂದು ನಿಂತ. ಅಳಿಯನನ್ನು ನೋಡಿ ಕೇಳಿದ: “ಸಾ, ಆ ಮಿಷಿನ್ನು ಗೆದ್ದ ಆಟವ ಯಾರೆಸ್ರಿಗೆ ಬರ್ಕಂಡ್ರು?”

“ಮಿಷಿನ್ ಹೆಸರಿಗೇ. ಇನ್ಯಾರಿಗೆ?”

“ಕಾಯಿ ಇಟ್ಟೋರ ಎಸ್ರಿಗಲ್ವಾ?”

“ಅವನದೇನು ಆಟ? ಹೇಳಿದ್ದು ಮಾಡ್ದ, ಅಷ್ಟೆ.” ಹೇಳಿದ ಮೇಲೆ ಶಿವನಂಜಯ್ಯ ಮಾವನ ಮುಖ ನೋಡಿದರು, ನೋಡಿ ಕಾಫಿ ಲೋಟ ಎತ್ತಿಕೊಂಡರು.

ಕಬ್ಬಿಣದ ಪೆಟ್ಟಿಗೆಯ ಗೆಲುವು ಪೆಟ್ಟಿಗೆಗೇ ಸಂದಿತ್ತು. ನಾಗಯ್ಯನಿಗೆ ಆಗಲೂ ಸಿಟ್ಟು ಬರಲಿಲ್ಲ. ಬೇರೆ ಯಾರದೋ ಸಂಗತಿ ಕೇಳಿದವನ ಹಾಗೆ ಕೈಗೆ ಅಂಟಿದ ಹುಲ್ಲು ಕೊಡವಿಕೊಂಡ.

ಧಣಿ ಮಣೆ ಎಳೆದುಕೊಂಡು ಕಾಯಿ ಜೋಡಿಸಿದರು. “ಮಾತು ಸಾಕು. ಅಳೀಮಯ್ಯಂಗೆ ನಿನ್ ಆಟ ತೋರ್ಸು. ಮೊದಲ ನಡೆ ಏಳು.”

“ಕಾಯಿ ನಾನೇ ಇಡದಾದ್ರೆ ಆಡ್ತೀನಿ ಬುದ್ದೀ.”

“ಏನಂದೆ? ಜಗಲಿ ಅತ್ತೀಯಾ?” ಗುರುಪಾದಸ್ವಾಮಿಯ ಕೈ ಸಿಪಾಯಿಯ ಮೇಲೆ ಹಾಗೇ ನಿಂತಿತು. “ಬಾಯ್ಮುಚ್ಕಂಡು ನಡೆ ಏಳ್ಲಾ!”

“ಏಳಾಕಿಲ್ಲ,” ಎಂದ ನಾಗಯ್ಯ.