ಬಾಣಂತಿ ಕೂದಲು

ಹೆಡತಲೆ ಊರಿನಲ್ಲಿ ಬಾಣಂತಿಯರಿಗೆ ನೀರು ಹಾಕುವವಳು ನಾನು. ಶಿವನಂಜಮ್ಮ ಎಂದರೆ ಸುತ್ತಿನ ನಾಲ್ಕು ಊರಿಗೆ ಗೊತ್ತು. ಗಂಡ ಸತ್ತ ವರ್ಷ ಹಿಡಿದ ಕೆಲಸ, ಇಪ್ಪತ್ತು ವರ್ಷದ ಮೇಲಾಯಿತು. ಈಗಿನವರು ಅಂಗಡಿಯಿಂದ ಶಾಂಪೂ ಪ್ಯಾಕೆಟ್ ತಂದು, ಹಲ್ಲಲ್ಲಿ ಹರಿದು, ಎರಡು ಚೊಂಬು ನೀರು ಸುರಿದುಕೊಂಡು ತಲೆಗೆ ಹಾಕಿಕೊಂಡೆ ಎನ್ನುತ್ತಾರೆ. ಎಮ್ಮೆ ತೊಳೆಯುವವರೂ ಅದಕ್ಕಿಂತ ನಿಗಾ ಮಾಡುತ್ತಾರೆ.

ಉದ್ದ ಕೂದಲಿಗೆ ಒಂದು ಹಂಡೆ ಬಿಸಿನೀರು ಬೇಕು, ಅರ್ಧ ಬೆಳಗು ಬೇಕು. ಹಿಂದಿನ ದಿನವೇ ಹರಳೆಣ್ಣೆ ಒತ್ತಿರಬೇಕು. ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿ, ತಲೆ ಮುಂದಕ್ಕೆ ಬಗ್ಗಿಸಿ, ಕೂದಲನ್ನು ನಾಲ್ಕು ಪಾಲು ಮಾಡಿ, ಗಂಜಿಯಲ್ಲಿ ಕಲಸಿದ ಸೀಗೇಪುಡಿಯನ್ನು ಬುಡಬುಡಕ್ಕೂ ತಿಕ್ಕಬೇಕು. ಒಂದು ಕೈ ತಿಕ್ಕುತ್ತಿದ್ದರೆ ಇನ್ನೊಂದು ಕೈಯಲ್ಲಿ ಚೊಂಬು ಇರಬೇಕು. ಸೀಗೇಪುಡಿಯ ಗುಣ ಒಂದಿದೆ. ತಲೆಯಲ್ಲಿ ಎಲ್ಲಾದರೂ ಒಂದು ಗೀರಿದ್ದರೂ ಅದು ಬಿಡುವುದಿಲ್ಲ, ಚುರ್ರೆನ್ನಿಸುತ್ತದೆ. ಅದಕ್ಕೇ ನಾನು ಯಾರ ತಲೆ ತೊಳೆದರೂ “ಉರೀತದಾ?” ಎಂದು ಕೇಳಿಕೊಂಡೇ ತಿಕ್ಕುತ್ತೇನೆ.

ಪುಟ್ಟಬಸವಯ್ಯನ ಮೂರು ಹೆಣ್ಣುಮಕ್ಕಳಲ್ಲಿ ಪವಿತ್ರಾ ದೊಡ್ಡವಳು. ಅವಳ ಕೂದಲು ಮಂಡಿ ಮುಟ್ಟುತ್ತಿತ್ತು. ಅವಳು ಮೈನೆರೆದಾಗ ಮೊದಲ ನೀರು ಹಾಕಿದ್ದೂ ನಾನೇ. ಅಂಥ ಕೂದಲು ಕೈಗೆ ಸಿಕ್ಕಿದರೆ ನನಗೆ ಹಬ್ಬ. ತೊಂಬತ್ತೈದರಲ್ಲಿ ಅವಳನ್ನು ತಿರುಮಕೂಡಲು ನರಸೀಪುರದ ಶಿವಸ್ವಾಮಿಗೆ ಕೊಟ್ಟರು. ಗದ್ದೆ, ಗೊಬ್ಬರದ ಅಂಗಡಿ, ಒಬ್ಬನೇ ಮಗ. ಎರಡು ವರ್ಷದ ಮೇಲೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು, ಹೆಣ್ಣು ಹಡೆದಳು. ಹನ್ನೊಂದನೇ ದಿನ ಅವಳ ತಾಯಿ ಸರ್ವಮಂಗಳಾ ನನಗೆ ಹೇಳಿಕಳಿಸಿದಳು.

ಅವತ್ತು ಕೂದಲು ನಾಲ್ಕು ಪಾಲು ಮಾಡುವಾಗ ಎಡಗಿವಿಯ ಮೇಲೆ ಬೆರಳು ಜಾರಿತು. ಎಂಟಾಣೆ ಕಾಸಿನಷ್ಟು ಅಗಲಕ್ಕೆ ಕೂದಲೇ ಇರಲಿಲ್ಲ, ಚರ್ಮ ನುಣ್ಣಗಿತ್ತು.

“ಇದೇನವ್ವ?” ಎಂದೆ.

“ಚಿಕ್ಕೋಳಿದ್ದಾಗ ಬಿದ್ದಿದ್ದು ದೊಡ್ಡವ್ವ.”

ನನ್ನ ಹತ್ತಿರವೇ ಸುಳ್ಳು. ಅವಳ ತಲೆ ಅವಳಿಗಿಂತ ನನಗೆ ಚೆನ್ನಾಗಿ ಗೊತ್ತು. ಮೈನೆರೆದಾಗ ಅಲ್ಲಿ ಇರುವೆ ಕಚ್ಚಿದ ಗುರುತೂ ಇರಲಿಲ್ಲ. ಆದರೆ ಹಸಿ ಬಾಣಂತಿಯನ್ನು ಕೆದಕಬಾರದು ಎಂದು ಸುಮ್ಮನಾದೆ.

ನಾಮಕರಣಕ್ಕೆ ಶಿವಸ್ವಾಮಿ ಬಂದ. ಇಸ್ತ್ರಿ ಮಾಡಿದ ಬಿಳೀ ಶರ್ಟು, ಮೆಲ್ಲನೆ ಮಾತು. ಎಲ್ಲರಿಗೂ ಕೈ ಮುಗಿದ, ನನಗೂ ಮುಗಿದ. ಎರಡು ದಿನ ಇದ್ದು ಹೋದ. ಅವನು ಹೋದ ಮಾರನೆಯ ಬೆಳಿಗ್ಗೆ ನಾನು ಸೀಗೇಪುಡಿ ಹಚ್ಚಿದ್ದೇ ತಡ, ಪವಿತ್ರಾ ಮಣೆಯಿಂದ ಅರ್ಧ ಎದ್ದುಬಿಟ್ಟಳು.

“ಉರೀತದಾ?”

“ಇಲ್ಲ.”

ನೀರು ಹಾಕಿ ಸರಿಸಿ ನೋಡಿದೆ. ನೆತ್ತಿಯ ಹಿಂದೆ ಇನ್ನೊಂದು ಜಾಗ, ಕೆಂಪಗೆ, ಬುಡಬುಡದಲ್ಲೂ ರಕ್ತದ ಚುಕ್ಕಿ. ಹಿಡಿ ಕೂದಲನ್ನು ಕೈಗೆ ಸುತ್ತಿಕೊಂಡು ಜಗ್ಗಿದರೆ ಮಾತ್ರ ಹಾಗಾಗುತ್ತದೆ. ಯಾಕೆ ಎಂದು ಕೇಳಿದೆ. “ಎಣ್ಮಗು ಆಯ್ತಲ್ಲ ಅಂತ,” ಎಂದಳು. ಆಮೇಲೆ ತಡೆದು, “ಅವರವ್ವನ ಮುಂದೆ ಕಿತ್ತರೆ ಜಾಸ್ತಿ ಕೀಳ್ತಾರೆ. ಇಲ್ಲಿ ಕಮ್ಮಿ,” ಎಂದಳು. ಬೆಲೆ ಹೇಳಿದ ಹಾಗೆ ಹೇಳಿದಳು.

ನಾನು ಸೀದಾ ಅಡಿಗೆಮನೆಗೆ ಹೋಗಿ ಸರ್ವಮಂಗಳೆಯ ಮುಂದೆ ನಿಂತೆ. ಅವಳು ಬಾಣಂತಿಯ ಸಾರಿಗೆ ಮೆಣಸು ಕುಟ್ಟುತ್ತಿದ್ದಳು. ಹೇಳಿದೆ. ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಕಣ್ ನಂಜಮ್ಮ. ಸೀಮಂತಕ್ಕೆ ಓಗಿದ್ದಾಗ್ಲೇ ನೋಡ್ದೆ. ಇನ್ನೆರಡು ಎಣ್ಣವೆ ನನಗೆ. ಅಕ್ಕ ಗಂಡನ ಮನೆ ಬಿಟ್ಟು ಬಂದವಳೆ ಅಂದ್ರೆ ಇವರನ್ನ ಯಾರು ಕೇಳ್ತಾರೆ? ನೀನು ಬಾಚುವಾಗ ಮೇಲಕ್ಕೆ ಮುಚ್ಚಿ ಬಾಚು. ಅವರಪ್ಪಂಗೆ ಕಾಣದಂಗೆ.”

ಮುಚ್ಚಿ ಬಾಚಿದೆ. ಆ ಮಾತನ್ನು ಇವತ್ತು ಹೇಳುವಾಗಲೂ ನನ್ನ ಕೈ ಮೇಲೆ ನನಗೇ ಹೇಸಿಗೆ. ಪಕ್ಕದ ಕೂದಲನ್ನು ಎಳೆದು ತಂದು, ಎಣ್ಣೆ ಹಚ್ಚಿ ಕೂರಿಸಿ, ಜಡೆ ಹಾಕಿದರೆ ಹುಟ್ಟಿಸಿದ ಅಪ್ಪನಿಗೂ ಗುರುತು ಸಿಗದ ಹಾಗೆ ಮಾಡುವುದು ನನಗೆ ಬರುತ್ತಿತ್ತು. ಮೂರು ತಿಂಗಳು ಹಾಗೇ ನಡೆಯಿತು. ನೀರು ಹಾಕಿ, ಬುಟ್ಟಿ ಬೋರಲು ಹಾಕಿ, ಸಾಂಬ್ರಾಣಿ ಹೊಗೆಯ ಮೇಲೆ ಅವಳ ಕೂದಲು ಹರಡಿ ಒಣಗಿಸುವಾಗ ಪವಿತ್ರಾ ನನ್ನ ಜೊತೆ ಮಾತಾಡುತ್ತಿದ್ದಳು. ಮತ್ತೆ ಹೋಗುವುದಿಲ್ಲ, ನಂಜನಗೂಡಿನಲ್ಲಿ ಟೈಲರಿಂಗ್ ಕಲಿಯುತ್ತೇನೆ, ಮಗುವನ್ನು ನೀನು ನೋಡಿಕೋ ದೊಡ್ಡವ್ವ ಎನ್ನುತ್ತಿದ್ದಳು. ಹೂಂ ಎನ್ನುತ್ತಿದ್ದೆ.

ಐದನೇ ತಿಂಗಳಿಗೆ ಕರೆದುಕೊಂಡು ಹೋಗಲು ನರಸೀಪುರದಿಂದ ಜನ ಬಂದರು. ಶಿವಸ್ವಾಮಿ, ಅವನ ತಾಯಿ ರುದ್ರಾಣಮ್ಮ, ದೊಡ್ಡಪ್ಪ ಕಲ್ಲಯ್ಯ. ಕಲ್ಲಯ್ಯ ನಾಲ್ಕು ಕಡೆ ನ್ಯಾಯ ಹೇಳುವ ಮನುಷ್ಯ, ಮಾತು ಬಲ್ಲವನು. ನಮ್ಮೂರ ಹಿರಿಯರೂ ಬಂದು ಪಡಸಾಲೆಯಲ್ಲಿ ಕೂತಿದ್ದರು. ನಾನು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಒಳಬಾಗಿಲಲ್ಲಿ ಕೂತಿದ್ದೆ. ಹೊರಡುವ ದಿನ ಗೊತ್ತು ಮಾಡುತ್ತಿದ್ದ ಹಾಗೇ ಪವಿತ್ರಾ ಒಳಗಿಂದ ಬಂದಳು.

“ನಾನ್ ಓಗಲ್ಲ,” ಎಂದಳು.

ಅವಳು ಅಪ್ಪನ ಮುಂದೆ ಬಗ್ಗಿ ಕೂತು, ನಾನು ಬೆಳಿಗ್ಗೆ ಹಾಕಿದ್ದ ಜಡೆಯನ್ನು ಬಿಚ್ಚಿದಳು. ಬೆರಳಲ್ಲಿ ಕೂದಲು ಸರಿಸಿ ಎರಡು ಜಾಗವನ್ನೂ ತೋರಿಸಿದಳು. “ಇವರು ಕಿತ್ತಿದ್ದು ಅಪ್ಪ. ಕೈಗೆ ಸುತ್ಕಂಡು ಕಿತ್ತಿದ್ದು.”

ಪುಟ್ಟಬಸವಯ್ಯನ ಮುಖ ಕಪ್ಪಿಟ್ಟಿತು. ಅವನು ಅಳಿಯನ ಕಡೆ ತಿರುಗುವಷ್ಟರಲ್ಲಿ ರುದ್ರಾಣಮ್ಮ ನಕ್ಕಳು. “ಅಯ್ಯೋ, ಬಾಣಂತಿ ಕೂದ್ಲು ಉದುರದೆ ಇದ್ದದ್ದಾ? ಮಗು ಮೊಕ ಗುರ್ತು ಇಡಿಯೋ ಒತ್ತಿಗೆ ತಾಯಿ ಕೂದ್ಲು ಉದುರ್ತದೆ. ನನಗೂ ಉದುರಿತ್ತು. ಚೊಚ್ಚಲು, ಉಡುಗಿ ಎದರವಳೆ.”

“ಉದುರೋದು ಎಲ್ಲಾ ಕಡೆ ಉದುರ್ತದೆ ಅಲ್ವಾ?” ಎಂದ ನಮ್ಮೂರವನೊಬ್ಬ.

ಕಲ್ಲಯ್ಯ ಕೈಯೆತ್ತಿ ತಡೆದ. “ನಾವು ಗಂಡಸರಿಗೆ ಇದೆಲ್ಲ ಏನು ಗೊತ್ತು? ನೀರು ಆಕೋ ಎಂಗಸು ಇಲ್ಲೇ ಅವಳಲ್ಲ, ಅವಳನ್ನೇ ಕೇಳವ. ಏನಮ್ಮ, ನೂರಾರು ಬಾಣಂತೀರ ತಲೆ ನೋಡಿದೀಯ. ಇಂಗೆ ಉದುರ್ತದಾ ಇಲ್ವಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಪವಿತ್ರಾ ಕೂದಲ ನಡುವಿನಿಂದ ನನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ನಾನಿದ್ದೇನೆ ಎಂಬ ಧೈರ್ಯ ಇತ್ತು. ಅಡಿಗೆಮನೆ ಬಾಗಿಲಲ್ಲಿ ಸರ್ವಮಂಗಳಾ ನಿಂತಿದ್ದಳು. ಅವಳ ಹಿಂದೆ ಲಂಗ ದಾವಣಿಯ ಇಬ್ಬರು ಹುಡುಗಿಯರು. ಸರ್ವಮಂಗಳಾ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ಚಾಚಿದಳು.

“ಉದುರ್ತದೆ,” ಎಂದೆ.

ಸುಳ್ಳಲ್ಲ. ಬಾಣಂತಿಯರ ಕೂದಲು ಉದುರುವುದು ನಿಜ. ಎಷ್ಟೋ ರಾತ್ರಿ ಇದನ್ನೇ ಹೇಳಿಕೊಂಡು ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಅವರು ಕೇಳಿದ್ದು ಏನೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಪುಟ್ಟಬಸವಯ್ಯ ಉಸಿರು ಬಿಟ್ಟ. ನನ್ನ ಒಂದು ಮಾತು ಅವನ ತಲೆಯ ಮೇಲಿನ ಭಾರ ಇಳಿಸಿತ್ತು. ಪವಿತ್ರಾ ಕೂದಲು ಸುತ್ತಿ ಗಂಟು ಹಾಕಿಕೊಂಡು ಒಳಗೆ ಹೋದಳು.

ಸೋಮವಾರ ಹೊರಟರು. ಅವತ್ತು ಬೆಳಿಗ್ಗೆ ಕೊನೆಯ ನೀರು. ಸೀಗೇಪುಡಿ ತಿಕ್ಕುವಾಗ “ಉರೀತದಾ?” ಎಂದು ನಾನು ಕೇಳಲಿಲ್ಲ. ಜಡೆ ಹಾಕಿ ಎರಡು ಮೊಳ ಮಲ್ಲಿಗೆ ಮುಡಿಸಲು ಹೋದಾಗ, “ಚೆನ್ನಾಗಿ ಮುಚ್ಚು ದೊಡ್ಡವ್ವ,” ಎಂದಳು. ಮುಚ್ಚಿದೆ.

ಎಂಟು ತಿಂಗಳ ಮೇಲೆ ಸುದ್ದಿ ಬಂತು. ಬಟ್ಟೆ ಒಗೆಯಲು ಹೋಗಿ ಹೊಳೆಯಲ್ಲಿ ಕಾಲು ಜಾರಿದಳು ಎಂದರು. ಟೆಂಪೋದಲ್ಲಿ ಹೊರಟೆವು, ಪವಿತ್ರಾಳ ತವರಿನವರು, ನಾನು, ಊರಿನ ಹತ್ತು ಜನ. ಹೊಳೆದಂಡೆಯ ಅರಳಿಮರದ ಕೆಳಗೆ ಚಾಪೆಯ ಮೇಲೆ ಮಲಗಿಸಿದ್ದರು. ಮದುವೆಯಾಗಿ ಏಳು ವರ್ಷ ತುಂಬದ ಹೆಂಗಸು ಸತ್ತರೆ ತಾಲ್ಲೂಕಿನ ಸಾಹೇಬರೇ ಬಂದು ನೋಡಬೇಕಂತೆ, ಬಂದಿದ್ದರು. ಮೈ ನೋಡಿ ಹೇಳಲು ಹೆಂಗಸರು ಬೇಕು ಎಂದರು. ಸರ್ವಮಂಗಳಾ ಎಚ್ಚರ ತಪ್ಪಿ ಬಿದ್ದಿದ್ದಳು. ನಾನು ಮುಂದೆ ಹೋದೆ.

ಕೂದಲ ತುಂಬ ಮರಳು ಸೇರಿತ್ತು. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಪಾಲು ಮಾಡಿದೆ. ಕೈಗೆ ಅಭ್ಯಾಸ, ಬೇರೆ ತರ ಬರುವುದಿಲ್ಲ. ಏಳು ಜಾಗ ಸಿಕ್ಕಿದವು. ಅದರಲ್ಲಿ ಹೊಸದೊಂದು ಇನ್ನೂ ಹಸಿಯಾಗಿತ್ತು, ಅಲ್ಲಿ ಚರ್ಮವೇ ಕಿತ್ತು ಬಂದಿತ್ತು.

“ಸಾ, ಬರ್ಕೊಳಿ,” ಎಂದೆ. “ಇದು ಜಾರಿ ಬಿದ್ದಿದ್ದಲ್ಲ. ಕೂದ್ಲು ಇಡಿದು ಎಳೆದವರೆ. ಒಂದ್ಸಲ ಅಲ್ಲ, ಏಳು ಸಲ.”

ಸಾಹೇಬರು ಬಗ್ಗಿ ನೋಡಿದರು. ಅಷ್ಟರಲ್ಲಿ ಕಲ್ಲಯ್ಯ ಹಿಂದಿನಿಂದ ಬಂದ. ದನಿ ಏರಿಸಲಿಲ್ಲ. “ಸಾ, ಬಾಣಂತಿ ಕೂದ್ಲು ಉದುರಿದ್ದು ಅದು. ನಾವು ಯೋಳಿದ್ದಲ್ಲ, ಈಯಮ್ಮನೇ ಓದ ವರ್ಷ ಅತ್ತು ಜನದ ಮುಂದೆ ಯೋಳಿದ್ದು. ಬೇಕಾದ್ರೆ ಉಡುಗಿ ಅಪ್ಪನ್ನೇ ಕೇಳಿ.”

ಸಾಹೇಬರು ಪುಟ್ಟಬಸವಯ್ಯನ ಕಡೆ ನೋಡಿದರು. ಅವನು ನೆಲ ನೋಡಿಕೊಂಡು, “ಯೋಳಿದ್ದು ನಿಜ ಸಾ,” ಎಂದ. ಅವನಿಗೆ ಬೇರೆ ಏನು ಗೊತ್ತಿತ್ತು? ಅವನಿಗೆ ಕಾಣದ ಹಾಗೆ ಮಾಡಿದವಳು ನಾನು.

“ನಾನು ಸುಳ್ಳು ಯೋಳಿದ್ದೆ ಸಾ.”

“ಯಾಕೆ ಹೇಳಿದ್ರಿ?”

ಎಚ್ಚರವಾಗಿ ಕೂತಿದ್ದ ಸರ್ವಮಂಗಳೆಯ ಕಡೆ ನೋಡಿದೆ. ಇಬ್ಬರು ಹುಡುಗಿಯರೂ ಅವಳ ಭುಜ ಹಿಡಿದಿದ್ದರು. ಅವಳನ್ನು ದೂರಲು ನನಗೆ ಯಾವ ಬಾಯಿ ಇತ್ತು? ಸೆರಗು ಚಾಚಿದವಳು ಅವಳಾದರೂ ಮಾತು ನನ್ನದು.

“ಬುದ್ಧಿ ಇರಲಿಲ್ಲ ಸಾ,” ಎಂದೆ.

ಸಾಹೇಬರು ಕೆಟ್ಟವರಲ್ಲ. “ಬರ್ಕೊಂಡಿದ್ದೀನಿ ತಾಯಿ,” ಎಂದರು. “ಆದರೆ ನಾಳೆ ಕೋರ್ಟಲ್ಲಿ, ಆಗ ಸುಳ್ಳು ಹೇಳಿದವಳನ್ನ ಈಗ ಯಾಕೆ ನಂಬಬೇಕು ಅಂತಾರೆ.” ಹಾಗೇ ಆಯಿತು. ಕೋರ್ಟಿನಲ್ಲಿ ಅವರ ವಕೀಲ ನನ್ನನ್ನು ಕೇಳಿದ್ದು ಅದೊಂದೇ ಪ್ರಶ್ನೆ. ಶಿವಸ್ವಾಮಿ ಎರಡು ಸಾವಿರದ ಇಸವಿಯಲ್ಲಿ ಬಿಡುಗಡೆಯಾಗಿ ಇನ್ನೊಂದು ಮದುವೆಯಾದ.

ಹೊಳೆದಂಡೆಗೆ ಹೋದ ಆ ದಿನವೇ ಸಂಜೆ ಆಸ್ಪತ್ರೆಯವರು ಹೆಣ ನೋಡಿ ಕೊಟ್ಟ ಮೇಲೆ, ಮಣ್ಣು ಮಾಡುವ ಮುಂಚೆ ಮೈ ತೊಳೆಯಬೇಕಿತ್ತು. ಸೀಗೇಪುಡಿ ತನ್ನಿ ಎಂದೆ. ಸತ್ತವರಿಗೆ ನಾಲ್ಕು ಬಿಂದಿಗೆ ನೀರು ಸಾಕು, ಹೊತ್ತಾಯಿತು ಎಂದು ಗಂಡಸರು ಗದರಿದರು. ನಾನು ಏಳಲಿಲ್ಲ. ಯಾರೋ ಅಂಗಡಿಯಿಂದ ಪೊಟ್ಟಣ ತಂದುಕೊಟ್ಟರು. ನೀರಲ್ಲಿ ಕಲಸಿ, ಮರಳೆಲ್ಲ ಹೋಗುವವರೆಗೆ ಬುಡಬುಡಕ್ಕೂ ತಿಕ್ಕಿದೆ. ಆ ಹಸಿ ಗಾಯಕ್ಕೂ ಕೈ ಬಂತು. ಎಷ್ಟು ಮೆತ್ತಗೆ ಹಚ್ಚಿದರೂ ಜೀವ ಹೋಗುವಷ್ಟು ಉರಿಯಬೇಕಾದ ಜಾಗ ಅದು.

“ಉರೀತದಾ?” ಎಂದು ಕೇಳಿಬಿಟ್ಟೆ.

ಅವಳು ಅಲ್ಲಾಡಲಿಲ್ಲ. ಚೊಂಬು ಎತ್ತಿ ನೀರು ಹಾಕಿದೆ.