ಅಕ್ಕನ ಖಾತೆ ಮುಚ್ಚಿದ ದಿನ

ನಮ್ಮ ಕ್ಲಸ್ಟರ್ ಕಾಯುವವನನ್ನು ಆಫೀಸಿನಲ್ಲಿ ಎಲ್ಲರೂ ಕರೆಯುವುದು ಬೀಗದಣ್ಣ ಅಂತ. ಪಕ್ಕದ ಮೇಜಿನಲ್ಲಿ ಕೂರುವ ನನಗೆ ಅವನ ಗೊಣಗಾಟವೆಲ್ಲ ಬಾಯಿಪಾಠ. ಕ್ಲಸ್ಟರ್ ಅಂದರೆ ಗಾಜಿನಾಚೆಯ ತಣ್ಣನೆ ಕೋಣೆಯಲ್ಲಿ ಭೋರ್ ಅನ್ನುತ್ತಾ ದೊಡ್ಡ ದೊಡ್ಡ ಲೆಕ್ಕಗಳನ್ನು ಹಂಚಿಕೊಂಡು ಮಾಡುವ ಕಂಪ್ಯೂಟರ್‌ಗಳ ಸಾಲು. ಒಳಗೆ ಹೋಗಲು ಪಾಸ್‌ವರ್ಡ್ ನಡೆಯದು, ಎಸ್‌ಎಸ್‌ಎಚ್ ಕೀಲಿಯೇ ಬೇಕು. ಅದು ಎರಡು ಫೈಲುಗಳ ಒಂದು ಜೋಡಿ. ಒಂದನ್ನು ಬೀಗದಣ್ಣನಿಗೆ ಕೊಡಬೇಕು, ಗುಟ್ಟಿನದು ನಮ್ಮ ಹತ್ತಿರವೇ ಇರಬೇಕು. ಇಷ್ಟು ಸಣ್ಣ ವಿಷಯ ಎಂಥೆಂಥವರ ತಲೆಗೂ ಹತ್ತುವುದಿಲ್ಲ. ಗುಟ್ಟಿನದನ್ನೇ ಮೇಲ್‌ನಲ್ಲಿ ಕಳಿಸಿ "ಸಾರ್, ಸ್ವಲ್ಪ ಸೇರಿಸಿ" ಅನ್ನುತ್ತಾರೆ.

"ಬಾಗಿಲು ಹಾಕಿ ಕೀಲೀನ ಚಿಲಕಕ್ಕೇ ನೇತುಹಾಕಿ ಹೋಗ್ತಾರಲ್ಲ, ಇವರಿಗೆ ಏನನ್ನೋದು!" ಅಂತ ಇವನು ಕೂಗಾಡುತ್ತಾನೆ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

ಅವನ ಅಕ್ಕ ಎಂಜಿನಿಯರ್, ನಮ್ಮ ಕ್ಲಸ್ಟರನ್ನೇ ಬಳಸುವವಳು. ಅವರಪ್ಪನೂ ಎಂಜಿನಿಯರ್. ಹಿಂದೆ ಅವರು ಕಟ್ಟಿಸಿದ ಸೇತುವೆಯೊಂದು ಕುಸಿದಿತ್ತು. ಯಾರ ಜೀವವೂ ಹೋಗಲಿಲ್ಲ, ಆದರೆ ಆಮೇಲೆ ಅವರು ತಲೆಯೆತ್ತಿ ನಡೆದದ್ದನ್ನು ಯಾರೂ ಕಾಣಲಿಲ್ಲ. ಅವರ ಕಂಬವೇ ಸೋತಿತೋ, ಕೆಳಗಿನ ಮರಳು ಕೊಚ್ಚಿಹೋಯಿತೋ ಬಗೆಹರಿಯಲೇ ಇಲ್ಲ. ಈಗ ಅವರು ಆಸ್ಪತ್ರೆಯಲ್ಲಿದ್ದರು, ಡಾಕ್ಟರು ಕೈಚೆಲ್ಲಿದ್ದರು. ಅಪ್ಪ ಕಣ್ಣುಮುಚ್ಚುವುದರೊಳಗೆ ಉತ್ತರ ಹೇಳಬೇಕೆಂದು ಅಕ್ಕ ಆ ಕುಸಿತದ ಲೆಕ್ಕವನ್ನು ಕ್ಲಸ್ಟರ್‌ಗೆ ಹಾಕಿದ್ದಳು. ವಾರಗಟ್ಟಲೆ ಓಡಿದ ಲೆಕ್ಕ ಮಾರನೇ ದಿನ ಮುಗಿಯುವುದಿತ್ತು. ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು.

ಅಪ್ಪನ ಪಕ್ಕದಲ್ಲೇ ಕೂತು ನೋಡೋಣವೆಂದು ಅಕ್ಕ ತನ್ನ ಕೀಲಿಯನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡಳು. ಯಾಕೋ ಕ್ಲಸ್ಟರ್ ಒಳಗೆ ಬಿಡಲಿಲ್ಲ. ತಮ್ಮನಿಗೆ ಫೋನ್ ಮಾಡಿದಳು. "ಕೀಲಿ ಕಳಿಸು, ನೋಡ್ತೀನಿ" ಅಂದ. ಯಾವುದು ಅಂತ ಇವನು ಹೇಳಲಿಲ್ಲ, ನಿದ್ದೆಗೆಟ್ಟ ಆಕೆ ಕೇಳಲೂ ಇಲ್ಲ. ಗುಟ್ಟಿನದನ್ನೇ ಕಳಿಸಿದಳು, ಅದೂ ಇಡೀ ಆಫೀಸಿಗೆ ಹೋಗುವ ವಿಳಾಸಕ್ಕೆ.

ಬೀಗದಣ್ಣ ಕೆಂಡವಾದ. ಕ್ಲಸ್ಟರ್‌ನಲ್ಲಿದ್ದ ಅಕ್ಕನ ಖಾತೆಯನ್ನೇ ಮುಚ್ಚುವ ಆಜ್ಞೆ ಟೈಪ್ ಮಾಡತೊಡಗಿದ.

"ಅಕ್ಕ ಅಲ್ವೇನೋ, ಒಂದು ಮಾತು ಕೇಳು" ಅಂದೆ.

"ಅಕ್ಕ ಅಂತ ಬಿಟ್ರೆ ನಾಳೆ ಎಲ್ಲರೂ ನನ್ನ ತಲೆ ಮೇಲೆ ಕೂರ್ತಾರೆ. ಗೊತ್ತಾಗ್ಲಿ ಬಿಡು!" ಎಂಟರ್ ಒತ್ತಿಯೇಬಿಟ್ಟ. ಖಾತೆ ಮುಚ್ಚಿದರೆ ಅದರಲ್ಲಿ ಓಡುವ ಲೆಕ್ಕವೂ ಸಾಯುತ್ತದೆ. ಅದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಸಿಟ್ಟಿನಲ್ಲಿ ನೆನಪಾಗಲಿಲ್ಲ, ಅಷ್ಟೇ.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಅಕ್ಕನ ದನಿ ನನಗೂ ಕೇಳಿಸಿತು. "ಲೆಕ್ಕ ನಿಂತುಹೋಗಿದೆ ಅಂತ ಮೇಲ್ ಬಂದಿದೆ ಕಣೋ. ಏನಾಯ್ತು?"

ಆಗ ಅವನಿಗೆ ನೆನಪಾಯಿತು. ಆಕೆಯ ಖಾತೆ ಮತ್ತೆ ತೆರೆದ, ಹೊಸ ಜೋಡಿ ಕೀಲಿ ಮಾಡಿಸಿದ, ಬೇರೆಯವರ ಸರದಿಯನ್ನೆಲ್ಲ ಹಿಂದಕ್ಕೆ ತಳ್ಳಿ ಅವಳ ಲೆಕ್ಕಕ್ಕೆ ಜಾಗ ಕೊಟ್ಟ. ನಿಯಮ ನಿಯಮ ಅಂತ ಪ್ರಾಣ ತಿನ್ನುತ್ತಿದ್ದವನು! ಅಷ್ಟೆಲ್ಲ ಮಾಡಿದರೂ ಲೆಕ್ಕಕ್ಕೆ ಬೇಕಾದ ಸಮಯ ಬೇಕೇ ಬೇಕಿತ್ತು.

ಸಂಜೆ ಆಸ್ಪತ್ರೆಗೆ ಹೋದ. ಅಪ್ಪ ಇವನ ಕೈ ಹಿಡಿದು ಕೇಳಿದರಂತೆ, "ನನ್ನ ಕಂಬ ಗಟ್ಟಿಯಾಗಿತ್ತೇನಪ್ಪ?"

"ಇನ್ನೂ ಗೊತ್ತಾಗಿಲ್ಲಪ್ಪ" ಅಂದನಂತೆ. ಸುಳ್ಳಾದರೂ ಹೇಳಬಾರದಿತ್ತೇ? ಈ ಮನುಷ್ಯನಿಗೆ ಅದೂ ಬಾರದು. ಆ ವಾರವೇ ಅಪ್ಪ ಹೋದರು.

ಲೆಕ್ಕ ಮುಗಿದಾಗ ಅಕ್ಕ ನಮ್ಮ ಆಫೀಸಿಗೇ ಬಂದಳು. ಪರದೆಯ ಮೇಲೆ ಕೆಳಗಿನ ಮರಳು ಜಾರಿತು, ಕಂಬ ಬಿರುಕಿಲ್ಲದೆ ಇಡಿಯಾಗಿ ವಾಲಿತು. ಅಪ್ಪನ ಕಂಬದಲ್ಲಿ ಏನೂ ತಪ್ಪಿರಲಿಲ್ಲ. ಅಕ್ಕ ತಮ್ಮನ ತಲೆ ಸವರಿ, ಚೀಲ ತೆಗೆದುಕೊಂಡು ಹೊರಟುಹೋದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಅವನು ಪರದೆಯನ್ನೇ ನೋಡುತ್ತಾ ಕೂತಿದ್ದ. ಆಮೇಲೆ, ತನಗೆ ಗೊತ್ತೇ ಇಲ್ಲದವನಂತೆ ನನ್ನನ್ನು ಕೇಳಿದ.

"ಖಾತೆ ಹಾಗೇ ಬಿಟ್ಟು ಆ ಕೀಲಿ ಒಂದನ್ನೇ ತೆಗೆದುಹಾಕಿದ್ದರೆ ಸಾಕಿತ್ತಲ್ವಾ?"

ನಾನು ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು.

"ಸಾಕಿತ್ತು" ಅಂದೆ.